ವಿಟ್ನಿಯ ಮಿಲ್‌ಟ್ಯಾಂಕ್ ಕೊನೆಗೂ ಸೋತಿತು

ಪೋಕೆಮಾನ್ ಹಾರ್ಟ್‌ಗೋಲ್ಡ್ ವಿಡಿಯೋ ಗೇಮ್‌ನ ಮೂರನೇ ಜಿಮ್‌ನಲ್ಲಿ (ಪೋಕೆಮಾನ್ ಕಾಳಗದ ಅಖಾಡ) ಅಲ್ಲಿನ ನಾಯಕಿ ವಿಟ್ನಿಯ ಮಿಲ್‌ಟ್ಯಾಂಕ್ ಎಂಬ ಹಸು ಪೋಕೆಮಾನ್‌ಗೆ ಆರು ಸಲ ಸೋತೆ. ರೋಲ್‌ಔಟ್ ಅಂತ ಉರುಳಿಕೊಂಡು ಬರುತ್ತದೆ. ಪ್ರತಿ ಏಟಿಗೂ ಬಲ ಎರಡರಷ್ಟು: 30, 60, 120... ಐದನೆಯದು 480! ಜೊತೆಗೆ ಹಾಲು ಕುಡಿದು ಅರ್ಧ ಹೆಲ್ತ್ ವಾಪಸ್. ವಿರುದ್ಧ ಲಿಂಗದ ಪೋಕೆಮಾನನ್ನು ಮರುಳು ಮಾಡುವ ಅಟ್ರ್ಯಾಕ್ಟ್ ಹಾಕಿದರೆ ನನ್ನ ಗಂಡು ಪೋಕೆಮಾನ್ ಕ್ವಿಲಾವಾ ಮರುಳಾಗಿ ಸುಮ್ನೆ ನಿಂತುಬಿಡುತ್ತಿತ್ತು.

ಲೆವೆಲ್ ಏರಿಸುವುದರಲ್ಲೇ ಎರಡು ಸಂಜೆ ಹೋಯಿತು. ಪರಿಹಾರ ಜಿಮ್ ಇರುವ ಗೋಲ್ಡನ್‌ರಾಡ್ ಊರಲ್ಲೇ ಇತ್ತು. ಅಲ್ಲಿನ ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ಡ್ರೌಜಿ ಎಂಬ ಪೋಕೆಮಾನ್ ಕೊಟ್ಟರೆ ಬದಲಿಗೆ ಮಚಾಪ್ ಎಂಬ ಪೋಕೆಮಾನ್ ಸಿಗುತ್ತದೆ. ಡ್ರೌಜಿ ಪಕ್ಕದ ರೂಟ್ 34ರ ಹುಲ್ಲಿನಲ್ಲೇ ಇದೆ. ಈ ಮಚಾಪ್ ಹೆಣ್ಣು, ಮಿಲ್‌ಟ್ಯಾಂಕೂ ಹೆಣ್ಣು. ಹಾಗಾಗಿ ಅಟ್ರ್ಯಾಕ್ಟ್ ನಾಟುವುದಿಲ್ಲ. ಮಚಾಪ್ ಫೈಟಿಂಗ್ ಟೈಪ್ (ಕಾದಾಟದ ವರ್ಗ) ಆದ್ದರಿಂದ ರೋಲ್‌ಔಟ್ ಪೆಟ್ಟೂ ಅರ್ಧವೇ. ಅದರ ಲೋ ಕಿಕ್ ಎಂಬ ಒದೆತಕ್ಕೆ ಎದುರಾಳಿಯ ತೂಕ ಜಾಸ್ತಿಯಾದಷ್ಟೂ ಬಲ ಜಾಸ್ತಿ. ಮಿಲ್‌ಟ್ಯಾಂಕ್ 75.5 ಕೆಜಿ! ಲೆವೆಲ್ 18ಕ್ಕೆ ತಂದು ಇಳಿಸಿದೆ. ನಡುವೆ ಒಮ್ಮೆ ಹಾಲು ಕುಡಿಯಿತು. ಮೂರನೇ ಒದೆತಕ್ಕೆ ಬಿತ್ತು.