ಕಡುಕಪ್ಪು ಅಂಚಿನಲ್ಲಿ ಬೇಡ

ಕಾಸರಗೋಡಿನ ಬೇಕಲ ಕೋಟೆಯ ದುಂಡು ಬುರುಜಿನ ಚಿತ್ರವನ್ನು ಪೆನ್ಸಿಲಿನಲ್ಲಿ ಬಿಡಿಸುವವರು ನೆರಳಿನ ಬದಿಯ ಕಡುಕಪ್ಪನ್ನು ಅಂಚಿನವರೆಗೆ ಒಯ್ಯಬೇಡಿ. ಸ್ವಲ್ಪ ಒಳಗೇ ಕಪ್ಪು ಪಟ್ಟಿ ಹಾಕಿ, ಅಂಚಿನಲ್ಲಿ ತೆಳುವಾಗಿ ಬೂದು ಉಳಿಸಿ. ಬುರುಜು ತಾನಾಗಿ ದುಂಡಗಾಗುತ್ತದೆ. ಬಿಸಿಲು ಬೀಳದ ಬದಿಗೂ ನೆಲದಿಂದ, ಆಕಾಶದಿಂದ ಒಂದಿಷ್ಟು ಬೆಳಕು ಬಂದೇ ಬರುತ್ತದೆ. ಬಿಸಿಲೂ ಇಲ್ಲದ, ಆ ಬೆಳಕೂ ಸರಿಯಾಗಿ ತಾಗದ ಜಾಗವೇ ಎಲ್ಲಕ್ಕಿಂತ ಕಪ್ಪು. ಸಂಜೆ ಕಡಲ ಕಡೆಯಿಂದ ಓರೆ ಬಿಸಿಲು ಬಿದ್ದಾಗ ನೋಡಿ, ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಅಂಚಿನ ಬೂದು ಜಾಸ್ತಿ ಬಿಳುಪಾದರೆ ಕೆಟ್ಟಿತು, ಮುರಕಲ್ಲಿನ ಬುರುಜು ಸ್ಟೀಲ್ ಲೋಟದ ಹಾಗೆ ಹೊಳೆಯುತ್ತದೆ! ಮಳೆಗಾಲದ ಮೋಡದಲ್ಲಿ ಈ ಉಪಾಯ ನಡೆಯುವುದಿಲ್ಲ, ಆಗ ಬೆಳಕು ಎಲ್ಲಾ ಕಡೆಯಿಂದಲೂ ಬರುತ್ತದಲ್ವಾ. ಚಪ್ಪಟೆ ಗೋಡೆಗೂ ಬೇಡ. ಮೆತ್ತಗಿನ, ಕಪ್ಪಾಗಿ ಮೂಡುವ 4ಬಿ ಪೆನ್ಸಿಲ್ ಸಾಕು. ಕಲ್ಲು ಒರಟು, ಸುಮ್ನೆ ಬೆರಳಲ್ಲಿ ತಿಕ್ಕಿ ನಯ ಮಾಡಬೇಡಿ.