ಟ್ರಿಗರ್ ಮುಂದಕ್ಕೆ ಬರುವ ದಾರಿ: ನನ್ನ ಪೇಂಟ್‌ಬಾಲ್ ಮಾರ್ಕರ್ ಹೊಂದಿಸಿದ ಅನುಭವ

ಪೇಂಟ್‌ಬಾಲ್ ಆಟದಲ್ಲಿ ಬಣ್ಣದ ಗುಂಡು (ಬಾಲ್) ಹೊಡೆಯುವ ಗಾಳಿ ಬಂದೂಕಿಗೆ ಮಾರ್ಕರ್ ಎನ್ನುತ್ತೇವೆ. ಅದರ ಟ್ರಿಗರ್ ವಿಷಯ ಬಂದರೆ ಜಾಸ್ತಿ ಜನ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಕಡಿಮೆ ಎಳೆದರೆ ಹೊಡೆಯುತ್ತದೆ? ನಾನು ಮೊದಲು ನೋಡುವುದು ಬೇರೆ. ಹೊಡೆದ ಮೇಲೆ ಟ್ರಿಗರ್ ಎಷ್ಟು ಮುಂದಕ್ಕೆ ಬಂದರೆ ಮುಂದಿನ ಹೊಡೆತಕ್ಕೆ ಸಿದ್ಧವಾಗುತ್ತದೆ? ಆ ಜಾಗಕ್ಕೆ ರೀಸೆಟ್ ಎನ್ನುತ್ತೇವೆ. ಅದು ಬೆರಳಿಗೆ ಸ್ಪಷ್ಟವಾಗಿ ತಿಳಿದರೆ ಆಟದ ಮಧ್ಯೆ ಟ್ರಿಗರ್ ಬಗ್ಗೆ ಯೋಚನೆಯೇ ಬರುವುದಿಲ್ಲ. ನನ್ನ ಮಾರ್ಕರ್ ಅನ್ನು ನಾನು ಹೊಂದಿಸಿದ್ದು ಈ ಲೆಕ್ಕದಲ್ಲೇ.

ಕೆಲಸಕ್ಕೆ ಮೊದಲು ಬಾಲ್ ತುಂಬುವ ಡಬ್ಬಿ, ಅಂದರೆ ಹಾಪರ್ ತೆಗೆದೆ. ಬ್ರೀಚ್‌ನಲ್ಲಿ (ಬ್ಯಾರೆಲ್‌ನ ಹಿಂದೆ ಬಾಲ್ ಕೂರುವ ಜಾಗ) ಬಾಲ್ ಉಳಿದಿಲ್ಲ ಎಂದು ಕಣ್ಣಾರೆ ನೋಡಿದೆ. ಗಾಳಿಯ ಟ್ಯಾಂಕ್ ಬಿಚ್ಚಿದೆ, ಮಾರ್ಕರ್ ಒಳಗೆ ಉಳಿದಿದ್ದ ಗಾಳಿಯನ್ನೂ ಹೊರಗೆ ಬಿಟ್ಟೆ. ಟ್ಯಾಂಕ್ ತೆಗೆದ ಮೇಲೂ ಕೆಲವು ಮಾರ್ಕರ್‌ಗಳಲ್ಲಿ ಒಂದು ಹೊಡೆತಕ್ಕೆ ಸಾಕಾಗುವಷ್ಟು ಒತ್ತಡ ಉಳಿದಿರುತ್ತದೆ. ಟ್ಯಾಂಕ್ ಮತ್ತೆ ಹಾಕುವ ಹೊತ್ತಿಗೆ ಬ್ಯಾರೆಲ್ ಮೇಲೆ ಕವರ್, ಮುಖದ ಮೇಲೆ ಮಾಸ್ಕ್ ಇರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಅಲೆನ್ ಕೀ, ಅಂದರೆ ಸ್ಕ್ರೂ ತಿರುಗಿಸುವ ಆರು ಮೂಲೆಯ ಕೀ. 2 ಮಿಲಿಮೀಟರ್ ಕೀ ಮತ್ತು 5/64 ಇಂಚಿನ ಕೀ ಹೆಚ್ಚು ಕಡಿಮೆ ಒಂದೇ ಅಳತೆ. ಆದರೆ 1.5 ಮಿಲಿಮೀಟರ್ ಮತ್ತು 1/16 ಇಂಚು ಹಾಗಲ್ಲ. 1/16 ಇಂಚು ಎಂದರೆ ಸುಮಾರು 1.59 ಮಿಲಿಮೀಟರ್. ಟ್ರಿಗರ್‌ನ ಸಣ್ಣ ಸ್ಕ್ರೂಗೆ ತಪ್ಪು ಕೀ ಹಾಕಿ ತಿರುಗಿಸಿದರೆ ತಲೆ ಸವೆದುಹೋಗುತ್ತದೆ, ಆಮೇಲೆ ತೆಗೆಯುವುದು ದೊಡ್ಡ ತಲೆನೋವು. ಸರಿಯಾದ ಕೀ ಸಿಗುವವರೆಗೆ ಕಾಯುವುದೇ ಒಳ್ಳೆಯದು.

ನನ್ನದು ಎಲೆಕ್ಟ್ರಾನಿಕ್ ಮಾರ್ಕರ್, ಒಳಗೆ ಮೈಕ್ರೋಸ್ವಿಚ್, ಅಂದರೆ ಟ್ರಿಗರ್ ಒತ್ತಿದಾಗ ಕ್ಲಿಕ್ ಎನ್ನುವ ಪುಟ್ಟ ಸ್ವಿಚ್. ಟ್ರಿಗರ್ ಸುತ್ತ ನಾಲ್ಕು ಸ್ಕ್ರೂ. ಒಂದು ಟ್ರಿಗರ್ ಮುಂದೆ ಎಲ್ಲಿ ನಿಲ್ಲಬೇಕು ಎಂದು ಹೇಳುತ್ತದೆ, ಇನ್ನೊಂದು ಹಿಂದೆ ಎಲ್ಲಿ ನಿಲ್ಲಬೇಕು ಎಂದು. ಮೂರನೆಯದು ಸ್ವಿಚ್ ಅನ್ನು ಒತ್ತುತ್ತದೆ. ನಾಲ್ಕನೆಯದು ಟ್ರಿಗರ್ ಅನ್ನು ವಾಪಸ್ ಎಳೆಯುವ ಮ್ಯಾಗ್ನೆಟ್‌ನದು. ಯಾವುದನ್ನು ಮೊದಲು ಹಿಡಿಯಬೇಕು ಎಂಬುದರಲ್ಲೇ ಅರ್ಧ ಕೆಲಸ ಇದೆ, ಯಾಕೆಂದರೆ ಒಂದನ್ನು ಮುಟ್ಟಿದರೆ ಉಳಿದವುಗಳ ಲೆಕ್ಕ ಬದಲಾಗುತ್ತದೆ.

ಟ್ರಿಗರ್ ಅನ್ನು ನಿಲ್ಲಿಸುವ ಸ್ಕ್ರೂಗಳನ್ನು, ಅಂದರೆ ಹಿಂದಿನ, ಮುಂದಿನ ಸ್ಟಾಪ್ ಎರಡನ್ನೂ ಪೂರ್ತಿ ಸಡಿಲಿಸಿ ಟ್ರಿಗರ್ ಆರಾಮಾಗಿ ಓಡಾಡುವಂತೆ ಮಾಡಿದೆ. ನಂತರ ಸ್ವಿಚ್ ಸ್ಕ್ರೂ. ಟ್ರಿಗರ್ ಓಡಾಟದ ನಡುಭಾಗದಲ್ಲಿ ಕ್ಲಿಕ್ ಬರುವಂತೆ ಇಟ್ಟೆ. ಆಮೇಲೆ ಕ್ಲಿಕ್ ಬರುವವರೆಗೆ ಎಳೆದು, ಅಲ್ಲೇ ಹಿಡಿದು, ಹಿಂದಿನ ಸ್ಟಾಪ್ ಅನ್ನು ಟ್ರಿಗರ್‌ಗೆ ತಾಗುವವರೆಗೆ ತಂದೆ. ತಾಗಿದ ಮೇಲೆ ಕಾಲು ಸುತ್ತು ವಾಪಸ್. ಈ ಕಾಲು ಸುತ್ತು ಮುಖ್ಯ. ಕ್ಲಿಕ್ ಆಗುವ ಜಾಗಕ್ಕೇ ಸ್ಟಾಪ್ ಇಟ್ಟರೆ, ಸ್ವಲ್ಪ ಮಣ್ಣು ಸೇರಿದರೂ ಟ್ರಿಗರ್ ಕ್ಲಿಕ್‌ವರೆಗೆ ಹೋಗದೆ ನಿಲ್ಲಬಹುದು. ಎಳೆದಾಗ ಹೊಡೆಯದ ಮಾರ್ಕರ್ ಹಿಡಿದು ಯಾರು ಆಡುತ್ತಾರೆ, ಅಲ್ವಾ?

ನಾನು ಜಾಸ್ತಿ ಹೊತ್ತು ಕಳೆದದ್ದು ಮುಂದಿನ ಸ್ಟಾಪ್ ಮೇಲೆ. ಟ್ರಿಗರ್ ಅನ್ನು ತುಂಬಾ ನಿಧಾನಕ್ಕೆ ಬಿಡುತ್ತಾ ಬಂದರೆ ಇನ್ನೊಂದು ಸಣ್ಣ ಕ್ಲಿಕ್ ಕೇಳುತ್ತದೆ. ಅದೇ ರೀಸೆಟ್. ಮೈಕ್ರೋಸ್ವಿಚ್ ಒತ್ತಿದ ಜಾಗದಲ್ಲೇ ಬಿಡುಗಡೆಯಾಗುವುದಿಲ್ಲ, ಸ್ವಲ್ಪ ಮುಂದೆ ಬಂದ ಮೇಲೆ ಬಿಡುಗಡೆಯಾಗುತ್ತದೆ. ಮುಂದಿನ ಸ್ಟಾಪ್ ಈ ಎರಡನೆಯ ಕ್ಲಿಕ್‌ಗಿಂತಲೂ ಮುಂದೆ ಇರಬೇಕು. ಟ್ರಿಗರ್ ಚಿಕ್ಕದಾಗಲಿ ಎಂದು ಸ್ಟಾಪ್ ಅನ್ನು ರೀಸೆಟ್‌ಗೆ ಅಂಟಿಸಿಟ್ಟರೆ ಬೆರಳಿಗೆ ಗುರುತೇ ಸಿಗುವುದಿಲ್ಲ. ವೇಗವಾಗಿ ಎಳೆಯುವಾಗ ಬೆರಳು ಪೂರ್ತಿ ಬಿಡುವುದಿಲ್ಲ. ಟ್ರಿಗರ್ ರೀಸೆಟ್ ದಾಟುವ ಮೊದಲೇ ಮತ್ತೆ ಎಳೆಯುತ್ತೇವೆ, ಹೊಡೆತ ತಪ್ಪುತ್ತದೆ. ಆಗ ಎಲೆಕ್ಟ್ರಾನಿಕ್ ಬೋರ್ಡ್ ಅನ್ನೋ ಬ್ಯಾಟರಿಯನ್ನೋ ದೂರುತ್ತಾ ಕೂರುತ್ತೇವೆ. ರೀಸೆಟ್‌ನಿಂದ ಮುಂದೆ ಸುಮಾರು ಒಂದು ಮಿಲಿಮೀಟರ್ ಜಾಗ ಉಳಿಸಿದಾಗ ನನ್ನ ಬೆರಳಿಗೆ ಲಯ ಸಿಕ್ಕಿತು. ಅದಕ್ಕಿಂತ ಕಡಿಮೆ ಮಾಡಿಯೂ ನೋಡಿದೆ. ಕೈಯಲ್ಲಿ ಹಿಡಿದು ತೋರಿಸಲು ಚೆನ್ನ, ಓಡುತ್ತಾ ಹೊಡೆಯಲು ಅಲ್ಲ.

ಮ್ಯಾಗ್ನೆಟ್ ಮತ್ತು ಸ್ಪ್ರಿಂಗ್‌ನ ಗುಣ ಬೇರೆ ಬೇರೆ. ಸ್ಪ್ರಿಂಗ್ ಎಳೆದಷ್ಟೂ ಬಿಗಿಯಾಗುತ್ತದೆ. ಮ್ಯಾಗ್ನೆಟ್ ಹತ್ತಿರದಲ್ಲಿ ಬಲವಾಗಿ ಹಿಡಿದಿರುತ್ತದೆ, ಸ್ವಲ್ಪ ದೂರ ಸರಿದರೆ ಹಿಡಿತ ಬೇಗ ಇಳಿಯುತ್ತದೆ. ಅದಕ್ಕೇ ಮ್ಯಾಗ್ನೆಟ್ ಟ್ರಿಗರ್ ಶುರುವಿನಲ್ಲಿ ಗಟ್ಟಿ, ಆಮೇಲೆ ಹಗುರ. ಈ ಗುಣ ನನಗೆ ಇಷ್ಟ. ಆದರೆ ತೀರಾ ಹಗುರ ಮಾಡಿದರೆ ವಾಪಸ್ ತರುವ ಬಲವೇ ಉಳಿಯುವುದಿಲ್ಲ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಬ್ಯಾರೆಲ್ ಆಕಾಶಕ್ಕೆ ಮುಖ ಮಾಡುವಂತೆ ಹಿಡಿದು ಟ್ರಿಗರ್ ಎಳೆದು ಬಿಡಿ. ಈಗ ಟ್ರಿಗರ್‌ನ ತೂಕವೇ ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಆದರೂ ಅದು ಚುರುಕಾಗಿ ಮುಂದಿನ ಸ್ಟಾಪ್‌ಗೆ ಬಂದು ತಾಗಬೇಕು. ಸೋಮಾರಿಯಾಗಿ ಬಂದರೆ ಮ್ಯಾಗ್ನೆಟ್ ಬಲ ಸಾಲದು.

ಬೌನ್ಸ್ ಪರೀಕ್ಷೆಯನ್ನು ನಾನು ಯಾವತ್ತೂ ಬಿಡುವುದಿಲ್ಲ. ಒಂದೇ ಎಳೆತಕ್ಕೆ ಒಂದಕ್ಕಿಂತ ಹೆಚ್ಚು ಹೊಡೆತ ಬೀಳುವುದೇ ಬೌನ್ಸ್. ಸ್ವಿಚ್‌ನ ಲೋಹದ ತುದಿಗಳು ಕೂಡುವಾಗ ಕ್ಷಣಮಾತ್ರ ನಡುಗುತ್ತವೆ. ಆ ನಡುಕವನ್ನು ಇನ್ನೊಂದು ಎಳೆತ ಎಂದು ಎಣಿಸದಂತೆ ಬೋರ್ಡ್‌ನಲ್ಲಿ ಡಿಬೌನ್ಸ್ ಸೆಟ್ಟಿಂಗ್ ಇರುತ್ತದೆ. ಬೌನ್ಸ್‌ಗೆ ಈ ನಡುಕ ಒಂದು ಕಾರಣ. ಇನ್ನೊಂದು ಕಾರಣ, ಮಾರ್ಕರ್ ಒದೆಯುವಾಗ ಟ್ರಿಗರ್ ಬೆರಳಿಗೆ ತಾನೇ ಬಡಿದು ಮತ್ತೆ ಹೊಡೆಯುವುದು. ಗಾಳಿ ಇಲ್ಲದೆ ಪರೀಕ್ಷಿಸಿದರೆ ಎರಡನೆಯದು ಗೊತ್ತಾಗುವುದೇ ಇಲ್ಲ. ಆದ್ದರಿಂದ ಮಾಸ್ಕ್ ಹಾಕಿ, ಟ್ಯಾಂಕ್ ಜೋಡಿಸಿ, ಬಾಲ್ ಇಲ್ಲದೆ, ಬಾಲ್ ಗುರುತಿಸುವ ಸೆನ್ಸರ್ ಆಫ್ ಮಾಡಿ, ಸೆಮಿ ಮೋಡ್‌ನಲ್ಲಿ (ಒಂದು ಎಳೆತಕ್ಕೆ ಒಂದೇ ಹೊಡೆತದ ಸೆಟ್ಟಿಂಗ್) ಟ್ರಿಗರ್ ಅನ್ನು ಕೂದಲೆಳೆಯಷ್ಟು ನಿಧಾನಕ್ಕೆ ಎಳೆದೆ. ಮಾರ್ಕರ್ ಅನ್ನು ಸಡಿಲವಾಗಿ ಹಿಡಿದೂ ನೋಡಿದೆ. ಒಂದು ಎಳೆತಕ್ಕೆ ಒಂದೇ ಹೊಡೆತ. ಎರಡು ಬಂದರೆ ಮೊದಲು ಮ್ಯಾಗ್ನೆಟ್ ಬಲ ಹೆಚ್ಚಿಸಬೇಕು, ಮುಂದಿನ ಜಾಗ ಹೆಚ್ಚಿಸಬೇಕು, ಕೊನೆಗೆ ಡಿಬೌನ್ಸ್ ಏರಿಸಬೇಕು. ಸುಮ್ನೆ ಡಿಬೌನ್ಸ್ ಏರಿಸಿ ಕೆಟ್ಟ ಹೊಂದಾಣಿಕೆಯನ್ನು ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಸೆಮಿ ಮೋಡ್‌ನಲ್ಲಿ ಒಂದಕ್ಕೆ ಎರಡು ಹೊಡೆಯುವ ಮಾರ್ಕರ್ ನಿಯಮಕ್ಕೂ ವಿರುದ್ಧ, ಎದುರಿಗಿರುವವರಿಗೂ ಅನ್ಯಾಯ.

ಟಿಪ್‌ಮನ್ 98 ತರಹದ ಮೆಕಾನಿಕಲ್ ಮಾರ್ಕರ್ ಇದ್ದವರು ಸಿಯರ್ ವಿಷಯದಲ್ಲಿ ಹುಷಾರಾಗಿರಬೇಕು. ಹೊಡೆಯಲು ಚಿಮ್ಮುವ ಭಾಗ ಹ್ಯಾಮರ್, ಟ್ರಿಗರ್ ಎಳೆಯುವವರೆಗೆ ಅದನ್ನು ತಡೆಯುವ ಕೊಂಡಿ ಸಿಯರ್. ಹ್ಯಾಮರ್ ಅನ್ನು ಹಿಡಿದಿಡುವುದು ಸಿಯರ್‌ನ ಅಂಚು. ಅಂಥದೊಂದಕ್ಕೆ ನಾನು ಮಾಡಿದ್ದು ಇಷ್ಟೇ: ಟ್ರಿಗರ್ ಮತ್ತು ಸಿಯರ್ ಒಂದಕ್ಕೊಂದು ಉಜ್ಜುವ ಸಮತಟ್ಟಾದ ಭಾಗವನ್ನು 1000 ಮತ್ತು 2000 ಗ್ರಿಟ್‌ನ ನುಣುಪು ಉಪ್ಪುಕಾಗದದಿಂದ (ಸ್ಯಾಂಡ್‌ಪೇಪರ್) ನಯ ಮಾಡಿ, ಪಿನ್‌ಗೆ ತೆಳುವಾಗಿ ಗ್ರೀಸ್ ಹಚ್ಚಿದೆ. ಹ್ಯಾಮರ್ ಹಿಡಿಯುವ ಅಂಚನ್ನು ಮುಟ್ಟಲಿಲ್ಲ. ಆ ಅಂಚು ದುಂಡಾದರೆ ಹ್ಯಾಮರ್ ಜಾರುತ್ತದೆ, ಟ್ರಿಗರ್ ಬಿಟ್ಟರೂ ಮಾರ್ಕರ್ ಹೊಡೆಯುತ್ತಲೇ ಇರಬಹುದು. ಎಳೆತ ಇನ್ನೂ ಹಗುರ ಬೇಕಿದ್ದರೆ ಎರಡು ಬೆರಳಿನ ಉದ್ದ ಟ್ರಿಗರ್ ಹಾಕಿಸುವುದು ಮೇಲು. ಕೀಲಿನಿಂದ ಬೆರಳು ದೂರವಾದಷ್ಟೂ ಬಲ ಕಡಿಮೆ ಸಾಕು. ಎಳೆಯುವ ದೂರ ಮಾತ್ರ ಸ್ವಲ್ಪ ಹೆಚ್ಚುತ್ತದೆ.

ಟ್ರಿಗರ್ ಹೊಂದಿಸಿದ್ದರಿಂದ ಬಾಲ್‌ನ ವೇಗ ಬದಲಾಗಬಾರದು. ಆದರೂ ಬಿಚ್ಚಿ ಜೋಡಿಸಿದ ಮಾರ್ಕರ್ ಅನ್ನು ಬಾಲ್‌ನ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಹೊಡೆದು ನೋಡದೆ ನಾನು ಆಟಕ್ಕೆ ಇಳಿಯುವುದಿಲ್ಲ. ಸಾಮಾನ್ಯ ಮಿತಿ ಸೆಕೆಂಡಿಗೆ 280ರಿಂದ 300 ಅಡಿ.

ಎಲ್ಲ ಸರಿ ಅನಿಸಿದ ಮೇಲೆ, ಆಡುವಾಗ ಹಾಕುವ ಗ್ಲೌಸ್ ಹಾಕಿಕೊಂಡು ಮತ್ತೊಮ್ಮೆ ಎಳೆದು ನೋಡಿದೆ. ದಪ್ಪ ಬಟ್ಟೆ ರೀಸೆಟ್‌ನ ಸುಳಿವನ್ನು ಮಂಕು ಮಾಡುತ್ತದೆ, ಹಾಗಾಗಿ ಮುಂದಿನ ಸ್ಟಾಪ್ ಅನ್ನು ಇನ್ನೊಂಚೂರು ಬಿಡಬೇಕಾಯಿತು. ಆಮೇಲೇ ಸ್ಕ್ರೂಗಳಿಗೆ ಥ್ರೆಡ್‌ಲಾಕರ್, ಅಂದರೆ ಸ್ಕ್ರೂ ಸಡಿಲವಾಗದಂತೆ ಹಿಡಿದಿಡುವ ಅಂಟು ಹಾಕಿದ್ದು. ಇಷ್ಟು ಸಣ್ಣ ಸ್ಕ್ರೂಗೆ ಕಡಿಮೆ ಬಲದ ನೇರಳೆ ಬಣ್ಣದ್ದೇ ಸಾಕು, ಮುಂದೆ ಬಿಚ್ಚಲೂ ಬರುತ್ತದೆ. ಸ್ಕ್ರೂವನ್ನು ಹೊರಗೆ ತೆಗೆದು ಸೂಜಿಯ ತುದಿಯಿಂದ ಒಂದು ಹನಿ ಹಚ್ಚಿ, ಮೊದಲೇ ಎಣಿಸಿಟ್ಟಷ್ಟೇ ಸುತ್ತು ತಿರುಗಿಸಿ ಕೂರಿಸಿದೆ. ಮೈಕ್ರೋಸ್ವಿಚ್ ಹತ್ತಿರ ಅದನ್ನು ಸುರಿಯಬೇಡಿ. ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ.