ಪಾರ್ಕಿನ ಕಲ್ಲು

ನಾನು ಕೆತ್ತಲು ಕಲಿತದ್ದು ದೇವರ ವಿಗ್ರಹ. ಕೃಷ್ಣಶಿಲೆ, ಮೂರ್ತಿಯ ಅಳತೆಗೆ ತಾಳಮಾನದ ಲೆಕ್ಕ, ಪ್ರಭಾವಳಿ. ಗರ್ಭಗುಡಿ ಸೇರಿದ ಮೇಲೆ ಅರ್ಚಕರು ಬಿಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲ. ಪಾರ್ಕಿನಲ್ಲಿಟ್ಟ ಕಲ್ಲು ಹಾಗಲ್ಲ. ಕ್ರೇನ್ ಆ ಕಡೆ ಹೋಗುವಷ್ಟರಲ್ಲೇ ಅದರ ಮೇಲೆ ಯಾರೋ ಕೂತಿರುತ್ತಾರೆ.

ಇದು ಗೊತ್ತಾದದ್ದು ತಡವಾಗಿ. ಮೊದಲ ಸಲ ಕಪ್ಪು ಗ್ರಾನೈಟ್ ತಂದು, ಕನ್ನಡಿ ಹಾಗೆ ಪಾಲಿಶ್ ಮಾಡಿಸಿದ್ದೆ. ಫೋಟೋದಲ್ಲಿ ಏನು ಚೆಂದ! ಆದರೆ ಏಪ್ರಿಲ್ ಬಿಸಿಲಿಗೆ ಅದು ದೋಸೆ ಹೆಂಚು, ಮಳೆ ಬಂದರೆ ಜಾರುಬಂಡೆ. ಮೇಲೆ ಹತ್ತಿದ ಹುಡುಗ ಜಾರಿ ಮೊಣಕೈ ತರಚಿಕೊಂಡ. ನಾನು ಪಕ್ಕದಲ್ಲೇ ನಿಂತಿದ್ದೆ. ‘ಯಾವನ್ರೀ ಇದನ್ನ ಇಲ್ಲಿ ತಂದಿಟ್ಟವನು?’ ಅಂತ ಅವನ ಅಜ್ಜಿ ನನ್ನನ್ನೇ ಕೇಳಿದರು. ಬಾಯಿ ಬಿಡಲಿಲ್ಲ.

ಎರಡನೇ ಕೆಲಸಕ್ಕೆ ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಆರಿಸಿದೆ. ಬೂದು ಬಣ್ಣದ್ದು, ಬೆಂಗಳೂರಿನ ಮನೆಗಳ ಮೆಟ್ಟಿಲಿಗೆ ಹಾಕುತ್ತಾರಲ್ಲ, ಅದೇ. ಆರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಅಂದರೆ ಇದು ನಾಲ್ಕು ಟನ್ನಿನ ಮೇಲೆಯೇ. ಕೊಳ್ಳುವ ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿದೆ. ಒಳ್ಳೆ ಕಲ್ಲು ಗಂಟೆ ಹಾಗೆ ಗುಂಯ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ಬೊದ್ ಅನ್ನುತ್ತದೆ. ಆಮೇಲೆ ಒಂದು ಬಕೆಟ್ ನೀರು ಸುರಿದು ಕಾದೆ. ಮೈಯೆಲ್ಲ ಒಣಗಿದ ಮೇಲೂ ಎಲ್ಲಾದರೂ ಕೂದಲೆಳೆಯಷ್ಟು ತೇವ ಉಳಿದರೆ ಅಲ್ಲಿ ಬಿರುಕಿದೆ ಅಂತಲೇ ಅರ್ಥ. ಚೌಕಾಸಿ ಮಾಡುವುದಕ್ಕಿಂತ ಈ ಕಾಯುವಿಕೆಗೇ ಜಾಸ್ತಿ ತಾಳ್ಮೆ ಬೇಕು.

ಕೆತ್ತಿದ್ದು ಕಡಿಮೆ. ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಒಂದು ಇಳಿಜಾರು, ನಡುವೆ ಇಬ್ಬರು ಕೂರುವಷ್ಟು ತಗ್ಗು. ಮಣ್ಣಿನ ಮಾದರಿಯಲ್ಲಿ ಕೊಂಬೂ ಇತ್ತು. ಮಕ್ಕಳು ಹತ್ತುವ ಜಾಗದಲ್ಲಿ ಕೊಂಬು ಯಾಕೆ ಅಂತ ಬಿಟ್ಟುಬಿಟ್ಟೆ. ಕಾರ್ಬೈಡ್ ತುದಿಯ ಉಳಿಯಿಂದ ಒರಟು ತೆಗೆದು, ಹಲ್ಲಿರುವ ಸುತ್ತಿಗೆಯಿಂದ ಕುಟ್ಟಿ ಮೈಯನ್ನು ತರಿತರಿ ಮಾಡಿದೆ. ಪಾಲಿಶ್ ಇಲ್ಲ. ಗ್ರೈಂಡರ್ ಹಿಡಿದಾಗ ನೀರು ಬಿಡದೆ ಕೆಲಸ ಮಾಡಬೇಡಿ, ಆ ಧೂಳು ಶ್ವಾಸಕೋಶ ಸೇರಿದರೆ ಹೊರಗೆ ಬರುವುದಿಲ್ಲ.

ಒಂದು ತುದಿಯನ್ನು ಮುಟ್ಟಲೇ ಇಲ್ಲ. ಅಲ್ಲಿ ಕ್ವಾರಿಯವರು ಬೆಣೆ ಹೊಡೆದು ಸೀಳಿದ ಗುರುತುಗಳಿದ್ದವು, ಬೆರಳುದ್ದದ ಒಂಬತ್ತು ಗುಳಿ, ಸಾಲಾಗಿ. ‘ಕೆಲಸ ಮುಗಿದಿಲ್ವಾ?’ ಅಂತ ಕೇಳಿದವರಿಗೆ ಶ್ರವಣಬೆಳಗೊಳದ ಗೊಮ್ಮಟನ ಕಾಲು ನೋಡಿ ಬನ್ನಿ ಅನ್ನುತ್ತೇನೆ. ಅಲ್ಲಿ ಕೆತ್ತಿರುವ ಹುತ್ತ, ಬಳ್ಳಿ ಎಲ್ಲ ಬಾಹುಬಲಿಯ ತಪಸ್ಸಿನ ಕಥೆಯವೇ, ನಿಜ. ಆದರೆ ತೊಡೆಯಿಂದ ಮೇಲೆ ಆ 58 ಅಡಿ ಮೂರ್ತಿಗೆ ಯಾವ ಆಸರೆಯೂ ಇಲ್ಲ. ಕೆಳಗೆ ಬಂಡೆಯನ್ನು ಬಿಟ್ಟುಕೊಂಡಿದ್ದಕ್ಕೇ ಅದು ನಿಂತಿದೆ ಅಂತ ನನ್ನ ಲೆಕ್ಕ. ಎಷ್ಟು ಬಿಡಬೇಕು ಅನ್ನುವುದು ಅದನ್ನು ಕೆತ್ತಿದವರಿಗೆ ಗೊತ್ತಿತ್ತು. ನನಗೆ ಈಗೀಗ ಗೊತ್ತಾಗುತ್ತಿದೆ.

ಒಂದು ವರ್ಷ ಆಗಸ್ಟ್ 15ಕ್ಕೆ ಮೊದಲು ಯಾರೋ ನನ್ನ ಕಲ್ಲಿಗೆ ಬಿಳಿ ಆಯಿಲ್ ಪೇಂಟ್ ಹೊಡೆಸಿದರು. ಪಾಪ, ಚೆಂದ ಕಾಣಲಿ ಅಂತಲೇ. ತರಿತರಿ ಮೈಯೊಳಗೆ ಇಳಿದ ಪೇಂಟನ್ನು ತಿನ್ನರ್ ಹಾಕಿ ಉಜ್ಜಿ ತೆಗೆಯಲು ಎರಡು ದಿನ ಹಿಡಿಯಿತು. ಸಂದುಗಳಲ್ಲಿ ಇನ್ನೂ ಸ್ವಲ್ಪ ಇದೆ.

ಕೂರುವ ತಗ್ಗು ಈಗ ಕಪ್ಪಾಗಿ ನುಣುಪಾಗಿದೆ. ಜನರ ಕೈ ಎಣ್ಣೆ, ಪಂಚೆ, ಸೀರೆ, ಜೀನ್ಸ್ ಎಲ್ಲ ಸೇರಿ ಉಜ್ಜಿದ್ದು. ಗುಳಿಗಳಲ್ಲಿ ಮಳೆ ನೀರು ನಿಂತರೆ ಮೈನಾ ಬಂದು ಕುಡಿಯುತ್ತವೆ. ಹೋದ ವಾರ ಹೋದಾಗ ಎರಡು ಗುಳಿಗೆ ಯಾರೋ ಕಡಲೆಕಾಯಿ ಸಿಪ್ಪೆ ತುಂಬಿದ್ದರು. ಬೆರಳಲ್ಲಿ ಕೆದಕಿ ತೆಗೆದು ಬಂದೆ.